ಮಗಳಿಗೆ ಪ್ರೀಸ್ಕೂಲ್: ಎರಡು ಕಡೆ ನೋಡಿ ಬಂದಿದ್ದೇವೆ, ತೀರ್ಮಾನ ಆಗುತ್ತಿಲ್ಲ. ನೀವು ಏನು ನೋಡಿ ಸೇರಿಸಿದಿರಿ?

ತಾರೆಯ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ 2 ವರ್ಷ 10 ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇಷ್ಟು ದಿನ ಅತ್ತೆ ನೋಡಿಕೊಂಡರು. ಈಗ ಅವರಿಗೆ ಮಂಡಿ ನೋವು ಜಾಸ್ತಿಯಾಗಿದೆ, ಇವಳ ಹಿಂದೆ ಓಡಲು ಆಗುತ್ತಿಲ್ಲ. ಬೆಳಗಿನ ಹೊತ್ತು ಮೂರ್ನಾಲ್ಕು ಗಂಟೆ ಪ್ರೀಸ್ಕೂಲಿಗೆ ಕಳಿಸೋಣ ಅಂತ ಹುಡುಕುತ್ತಿದ್ದೇವೆ.

ಏಳು ಕಡೆ ಓಡಾಡಿ ಎರಡಕ್ಕೆ ಬಂದು ನಿಂತಿದ್ದೇವೆ.

ಒಂದು ದೊಡ್ಡ ಕಟ್ಟಡ. ಗೋಡೆ ತುಂಬ ಬಣ್ಣದ ಚಿತ್ರ, ದೊಡ್ಡ ಪರದೆ, ಪ್ರತಿ ಕೋಣೆಯಲ್ಲೂ ಕ್ಯಾಮೆರಾ, ಫೋನಿನಲ್ಲಿ ನೋಡಬಹುದು. ಅವರು ಒಂದು ಫೈಲ್ ತೋರಿಸಿದರು. ಯಾವ ತಿಂಗಳು ಯಾವ ಅಕ್ಷರ, ಎಷ್ಟರವರೆಗೆ ಎಣಿಕೆ ಎಲ್ಲಾ ಅಚ್ಚುಕಟ್ಟಾಗಿ ಇತ್ತು. ಒಂದು ಕೋಣೆಗೆ 25 ಮಕ್ಕಳು, ಒಬ್ಬ ಟೀಚರ್, ಒಬ್ಬ ಆಯಾ.

ಇನ್ನೊಂದು ಹಳೇ ಮನೆ. ಬಣ್ಣ ಮಾಸಿದೆ. ಹಿಂದೆ ಅಂಗಳ, ಮರಳಿನ ಗುಂಡಿ, ಒಂದು ಮರ. ಒಟ್ಟು 14 ಮಕ್ಕಳು, ಇಬ್ಬರು ಟೀಚರ್. ಏನು ಕಲಿಸುತ್ತೀರಿ ಅಂತ ಕೇಳಿದರೆ "ಆಡಿಸುತ್ತೇವೆ, ಕಥೆ ಹೇಳುತ್ತೇವೆ" ಅಂದರು, ಅಷ್ಟೇ. ಫೈಲ್ ಇಲ್ಲ, ಆಪ್ ಇಲ್ಲ.

ಯಜಮಾನರಿಗೆ ಮೊದಲನೆಯದು ಇಷ್ಟ. ನನಗೆ ಯಾಕೋ ಎರಡನೆಯದರ ಕಡೆಗೇ ಮನಸ್ಸು ಹೋಗುತ್ತಿದೆ. ಆದರೆ ಸುಮ್ನೆ ಮನಸ್ಸಿನ ಮಾತು ಕೇಳಿ ಮಗುವಿನ ವಿಷಯದಲ್ಲಿ ತಪ್ಪು ಮಾಡಿಬಿಟ್ಟರೆ ಅಂತ ಭಯ. ನಿಜವಾಗಿ ನೋಡಬೇಕಾದದ್ದು ಏನು? ಅನುಭವ ಇರುವವರು ದಯವಿಟ್ಟು ಹೇಳಿ.

ಗುಬ್ಬಚ್ಚಿ
ಮೊದಲು ಬಚ್ಚಲುಮನೆ ನೋಡಿ. ಉಳಿದದ್ದು ಆಮೇಲೆ.

ಹಳೇ ಟೀಚರ್
ನಾನು 22 ವರ್ಷ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡಿದವಳು. ನೀವು ಎರಡು ಕಡೆಯೂ ಹೋದದ್ದು ಎಷ್ಟು ಗಂಟೆಗೆ? ಮಕ್ಕಳು ಇದ್ದರಾ? ಮಕ್ಕಳೆಲ್ಲ ಮನೆಗೆ ಹೋದ ಮೇಲೆ ತೋರಿಸಿದ್ದರೆ ನೀವು ನೋಡಿದ್ದು ಕಟ್ಟಡ ಮಾತ್ರ.

ಇನ್ನೊಂದು ಸಲ ಹೋಗಿ. ಮಕ್ಕಳು ಇರುವಾಗ ಒಂದು ಗಂಟೆ ಮೂಲೆಯಲ್ಲಿ ಕೂತಿರಲು ಬಿಡಿ ಅಂತ ಕೇಳಿ. ಬಿಡುವುದೇ ಇಲ್ಲ ಅಂದರೆ ಯಾಕೆ ಅಂತ ಕೇಳಿ. ಪಾಠ ನಡೆಯುವಾಗ ಹೊಸಬರು ಬಂದರೆ ಮಕ್ಕಳ ಗಮನ ಹಾಳಾಗುತ್ತದೆ ಅಂದರೆ ಒಪ್ಪಬಹುದು, ಆಗ ಬೇರೆ ಹೊತ್ತು ಕೊಡಲಿ. ಯಾವ ಹೊತ್ತಿಗೂ ಆಗಲ್ಲ ಅಂದರೆ ನಾನಂತೂ ಅಲ್ಲಿಗೆ ಮಗುವನ್ನು ಕಳಿಸುವುದಿಲ್ಲ.

ಕೂತಾಗ ಒಂದೇ ಒಂದು ವಿಷಯ ನೋಡಿ. ಒಂದು ಮಗು ಅತ್ತಾಗ ಏನಾಗುತ್ತದೆ? ಒಂದು ಗಂಟೆಯಲ್ಲಿ ಯಾವುದೋ ಒಂದು ಮಗು ಅತ್ತೇ ಅಳುತ್ತದೆ. ಯಾರು ಬಂದರು, ಎಷ್ಟು ಬೇಗ ಬಂದರು, ನೆಲಕ್ಕೆ ಕೂತು ಮುಖ ನೋಡಿ ಮಾತಾಡಿದರಾ, ಇಲ್ಲ ದೂರದಿಂದಲೇ "ಅಳಬಾರದು, ಗುಡ್ ಗರ್ಲ್ ಅಲ್ವಾ" ಅಂದರಾ? ಆ ಅರ್ಧ ನಿಮಿಷದಲ್ಲಿ ನಿಮಗೆ ಬೇಕಾದ ಉತ್ತರ ಸಿಗುತ್ತದೆ. ಆ ಮಗುವಿನ ಜಾಗದಲ್ಲಿ ನಾಳೆ ನಿಮ್ಮ ಮಗಳು ಇರುತ್ತಾಳೆ.

ಆಮೇಲೆ ಕೇಳಬೇಕಾದ ಒಂದು ಪ್ರಶ್ನೆ: ಹೋದ ವರ್ಷ ಇದ್ದ ಟೀಚರುಗಳಲ್ಲಿ ಎಷ್ಟು ಜನ ಈಗಲೂ ಇದ್ದಾರೆ? ಮಗು ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರು ಬಿಟ್ಟು ಹೋಗುತ್ತಿದ್ದರೆ ಎಂಥ ಫೈಲ್ ಇದ್ದರೂ ಉಪಯೋಗವಿಲ್ಲ.

ಪುಟ್ಟನಪ್ಪ
ಎಲ್ಲರೂ ಹಳೇ ಮನೆಯ ಕಡೆಗೇ ವಾಲುತ್ತೀರಿ ಅಂತ ಗೊತ್ತಿತ್ತು. ನಾನು ಒಪ್ಪುವುದಿಲ್ಲ. ಆಟ ಆಡಿಸಲು ಮನೆ ಸಾಲದಾ? ನನ್ನ ಮಗ ಮೂರೂವರೆ ವರ್ಷಕ್ಕೇ ತನ್ನ ಹೆಸರು ಬರೆಯುತ್ತಿದ್ದ, ನೂರರವರೆಗೆ ಹೇಳುತ್ತಿದ್ದ. ಮುಂದೆ ದೊಡ್ಡ ಶಾಲೆಗೆ ಹೋದಾಗ ಒಂದು ದಿನವೂ ಕಷ್ಟ ಆಗಲಿಲ್ಲ. ಏನು ಕಲಿಸುತ್ತೀರಿ ಅಂತ ಕೇಳುವ ಹಕ್ಕು ಅಪ್ಪ ಅಮ್ಮನಿಗೆ ಇದೆ. "ಆಡಿಸುತ್ತೇವೆ" ಅನ್ನುವುದು ಉತ್ತರ ಆಗಲ್ಲ.

ಮಳೆಬಿಲ್ಲು
@ಪುಟ್ಟನಪ್ಪ ಸರ್, ನಾನು ಮಕ್ಕಳ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಬರೆಯುವುದು, ತಿನ್ನುವುದು ಥರದ ದಿನದ ಕೆಲಸಗಳಿಗೆ ಮಕ್ಕಳ ಕೈ-ಮೈ ಪಳಗಿಸುವುದು ನನ್ನ ಕೆಲಸ. ಬರೆಯುವ ವಿಷಯಕ್ಕೆ ಒಂದು ಮಾತು. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳು ಇವೆ. ಹುಟ್ಟುವಾಗ ಅವು ಇನ್ನೂ ಮೆತ್ತಗಿನ ಮೃದ್ವಸ್ಥಿ. ಒಂದೊಂದಾಗಿ, ವರ್ಷಗಳ ಮೇಲೆ ಗಟ್ಟಿಯಾಗುತ್ತಾ ಬರುತ್ತವೆ. ಮೂರು ವರ್ಷಕ್ಕೆ ಆ ಕೆಲಸ ಅರ್ಧವೂ ಮುಗಿದಿರುವುದಿಲ್ಲ. ಬೆರಳಿನ ಸ್ನಾಯುಗಳೂ ಹಾಗೇ.

ಪೆನ್ಸಿಲ್ ಹಿಡಿಯುವ ಶಕ್ತಿ ಪೆನ್ಸಿಲ್ ಹಿಡಿದೇ ಬರಬೇಕು ಅಂತ ಇಲ್ಲ. ಮರ ಹತ್ತುವುದು, ನೇತಾಡುವುದು, ಜೇಡಿಮಣ್ಣು ನಾದುವುದು, ನೀರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವುದು, ಅಂಗಿಯ ಗುಂಡಿ ಹಾಕುವುದು. ಭುಜ ಗಟ್ಟಿಯಾದರೆ ಮೊಣಕೈ, ಮೊಣಕೈ ಆದಮೇಲೆ ಮಣಿಕಟ್ಟು, ಕೊನೆಗೆ ಬೆರಳು. ಆ ಮರಳಿನ ಗುಂಡಿಯಲ್ಲಿ ನಡೆಯುವುದು ಬರವಣಿಗೆಯ ಪಾಠವೇ. ನನ್ನ ಹತ್ತಿರ ಐದು ವರ್ಷದ ಮಕ್ಕಳು ಬರುತ್ತಾರೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು, ಎರಡು ಸಾಲು ಬರೆದು ಕೈ ನೋಯುತ್ತದೆ ಅಂತ ಅಳುತ್ತಾರೆ. ತುಂಬ ಬೇಗ ಬರೆಸಲು ಶುರು ಮಾಡಿದ ಮಕ್ಕಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಪುಟ್ಟನಪ್ಪ
ನನ್ನ ಮಗನಿಗೆ ಕೈ ನೋಯಲಿಲ್ಲ. ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ ಅಲ್ವಾ?

ಮಳೆಬಿಲ್ಲು
ಖಂಡಿತ ಇರುವುದಿಲ್ಲ. ಆಸಕ್ತಿ ತೋರಿಸುವ ಮಗುವಿಗೆ ಬೇಡ ಅನ್ನಬಾರದು, ಬರೆಯಲಿ. 25 ಮಕ್ಕಳಿಗೂ ಒಂದೇ ದಿನ ಒಂದೇ ಹಾಳೆ ಕೊಡುವುದಕ್ಕೆ ನನ್ನ ತಕರಾರು.

ನಿಧಾನಿ
ಫಿನ್ಲೆಂಡಿನಲ್ಲಿ ಶಾಲೆಯ ಒಂದನೇ ತರಗತಿ ಶುರುವಾಗುವುದೇ 7ನೇ ವರ್ಷಕ್ಕೆ. ಅದಕ್ಕೆ ಮುಂಚೆ ಒಂದು ವರ್ಷ ತಯಾರಿ ತರಗತಿ, ಅದರಲ್ಲೂ ಆಟವೇ ಜಾಸ್ತಿ. ಅಲ್ಲಿನ ಮಕ್ಕಳು ಓದಲು ಬರದೆ ಉಳಿದಿಲ್ಲ.

ಪುಟ್ಟನಪ್ಪ
ಫಿನ್ಲೆಂಡಿನ ಟೀಚರ್, ಫಿನ್ಲೆಂಡಿನ ಭಾಷೆ, ಫಿನ್ಲೆಂಡಿನ ಸೌಕರ್ಯ ಎಲ್ಲಾ ಬೇರೆ. ಒಂದು ತುಣುಕು ಮಾತ್ರ ತಂದು ಇಲ್ಲಿ ಅಂಟಿಸಬೇಡಿ.

ನಿಧಾನಿ
ಅದು ಸರಿ. ಒಪ್ಪಿದೆ.

ಕಾಮನಕಟ್ಟೆ
ಎರಡರಲ್ಲಿ ಯಾವುದಾದರೂ ಮಾಂಟೆಸರಿನಾ, ಮಗು ತಾನೇ ಸಾಮಾನು ಮುಟ್ಟಿ ಮಾಡಿ ಕಲಿಯುವ ಪದ್ಧತಿಯದು? ಮಾಂಟೆಸರಿ ಆದರೆ ಕಣ್ಣು ಮುಚ್ಚಿ ಸೇರಿಸಬಹುದು.

ಇಬ್ಬರ ತಾಯಿ
@ಕಾಮನಕಟ್ಟೆ ಕಣ್ಣು ಮುಚ್ಚಿ ಸೇರಿಸಿಯೇ ನಾನು ಪೆಟ್ಟು ತಿಂದದ್ದು. ಮಾಂಟೆಸರಿ ಅನ್ನುವ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬೋರ್ಡಿನಲ್ಲಿ ಬರೆಸಿಕೊಳ್ಳಬಹುದು. ನನ್ನ ದೊಡ್ಡ ಮಗ ಹೋಗುತ್ತಿದ್ದ ಕಡೆ ಸಾಮಾನುಗಳೆಲ್ಲ ಇದ್ದವು. 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗಿನ ಒಂದರ ಮೇಲೊಂದು ಜೋಡಿಸುವ ಆ ಹತ್ತು ಗುಲಾಬಿ ಬಣ್ಣದ ಗಟ್ಟಿಗಳೂ ಇದ್ದವು. ಆದರೆ ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಪಾಲಕರು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು. ಅದು ನನಗೆ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ನಿಜವಾದ ಮಾಂಟೆಸರಿ ಕೋಣೆಯಲ್ಲಿ ಸಾಮಾನು ಮಗುವಿನ ಎತ್ತರದ ಕಪಾಟಿನಲ್ಲಿ ತೆರೆದಿರುತ್ತದೆ. 3ರಿಂದ 6 ವರ್ಷದ ಮಕ್ಕಳು ಒಟ್ಟಿಗೇ ಇರುತ್ತಾರೆ, ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುತ್ತಾರೆ. ಸುಮಾರು ಮೂರು ಗಂಟೆ ಹೊತ್ತು ಬೆಲ್ಲು ಹೊಡೆದು ಎಬ್ಬಿಸದೆ ಅವರವರ ಕೆಲಸ ಮಾಡಲು ಬಿಡುತ್ತಾರೆ. ವಯಸ್ಸಿಗೊಂದು ಕೋಣೆ, ಅರ್ಧ ಗಂಟೆಗೊಂದು ಬೆಲ್ಲು ಇದ್ದರೆ ಬೋರ್ಡಿನಲ್ಲಿ ಏನು ಬರೆದಿದ್ದರೂ ನಂಬಬೇಡಿ. ಟೀಚರ್ ಎಲ್ಲಿ ತರಬೇತಿ ಪಡೆದರು, ಎಷ್ಟು ದಿನದ್ದು ಅಂತ ಕೇಳಿ. ಅಂತರರಾಷ್ಟ್ರೀಯ ಮಾಂಟೆಸರಿ ಸಂಘ, ಎಎಂಐ, 1929ರಲ್ಲಿ ಈ ಪದ್ಧತಿ ತಂದ ಮಾರಿಯಾ ಮಾಂಟೆಸರಿಯವರೇ ಶುರು ಮಾಡಿದ್ದು. ಅದರ ಡಿಪ್ಲೊಮಾ ಇದ್ದರೆ ಹೇಳುತ್ತಾರೆ.

ಹಳೇ ಟೀಚರ್
ಸರಿಯಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ. ಮಾರಿಯಾ ಮಾಂಟೆಸರಿ ವೈದ್ಯೆ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊದಲ್ಲಿ ಮೊದಲ ಮಕ್ಕಳ ಮನೆ ತೆರೆದರು. ಅದು ಬಡ ಕಾರ್ಮಿಕರ ಬಡಾವಣೆ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಒಂಟಿಯಾಗಿ ಉಳಿಯುತ್ತಿದ್ದ ಮಕ್ಕಳಿಗಾಗಿ ಶುರುವಾದದ್ದು. ಇದನ್ನು ಹೇಳಿದ್ದು ಯಾಕೆ ಅಂದರೆ, ಒಳ್ಳೆಯ ಶಿಶುಶಾಲೆಗೆ ದೊಡ್ಡ ಕಟ್ಟಡ ಬೇಕೇ ಬೇಕು ಅನ್ನುವುದು ಸುಳ್ಳು.

ನಿಧಾನಿ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಲೇಬೇಕು. ಇಟಲಿಯಲ್ಲೇ ರೆಜ್ಜೊ ಎಮಿಲಿಯಾ ಅಂತ ಒಂದು ಊರು. 1945ರಲ್ಲಿ ಯುದ್ಧ ಮುಗಿದಾಗ ಹತ್ತಿರದ ಹಳ್ಳಿಯವರು, ಜರ್ಮನ್ ಸೈನ್ಯ ಬಿಟ್ಟು ಹೋದ ಒಂದು ಟ್ಯಾಂಕ್, ಕೆಲವು ಲಾರಿ, ಕುದುರೆಗಳನ್ನು ಮಾರಿ, ಬಂದ ದುಡ್ಡಿನಲ್ಲಿ ಚಿಕ್ಕ ಮಕ್ಕಳಿಗೆ ಶಾಲೆ ಕಟ್ಟಿದರು. ಗೋಡೆ ಎಬ್ಬಿಸಿದ್ದು ಅಪ್ಪ ಅಮ್ಮಂದಿರೇ. ಲೋರಿಸ್ ಮಲಗುಟ್ಸಿ ಅನ್ನುವ ಮೇಷ್ಟ್ರು ಸೈಕಲ್ ಹತ್ತಿ ನೋಡಲು ಹೋಗಿ, ಕೊನೆಗೆ ಜೀವನವೆಲ್ಲಾ ಆ ಕೆಲಸಕ್ಕೇ ಕೊಟ್ಟರು. ಈಗ ಜಗತ್ತಿನ ಎಲ್ಲಾ ಕಡೆಯಿಂದ ಟೀಚರುಗಳು ಅಲ್ಲಿಗೆ ಹೋಗಿ ನೋಡಿ ಬರುತ್ತಾರೆ. ಯುದ್ಧದ ಟ್ಯಾಂಕ್ ಮಾರಿ ಮಕ್ಕಳ ಶಾಲೆ! ಇದನ್ನು ಓದಿದಾಗಲೆಲ್ಲ ಕಣ್ಣು ತುಂಬಿ ಬರುತ್ತದೆ.

ಗುಬ್ಬಚ್ಚಿ
ಇದು ಗೊತ್ತೇ ಇರಲಿಲ್ಲ. ಎಷ್ಟು ಚೆನ್ನಾಗಿದೆ.

ಸಂಜೆಮಲ್ಲಿಗೆ
ಕಲಿಕೆಯ ಮಾತು ಬದಿಗಿಡಿ. ಗೇಟ್ ನೋಡಿದಿರಾ?

ನನ್ನ ಮಗ ಆಗ ಮೂರು ವರ್ಷದವನು. ಒಂದು ದಿನ ಸ್ವಲ್ಪ ಬೇಗ ಕರೆದುಕೊಂಡು ಬರೋಣ ಅಂತ ಹೋದೆ. ಅವನು ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ ಒಬ್ಬನೇ ಕೂತು ಕಲ್ಲು ಜೋಡಿಸುತ್ತಿದ್ದ. ಸಾಮಾನು ತಂದ ಗಾಡಿಗೆ ಅಂತ ಗೇಟ್ ತೆಗೆದವರು ಮತ್ತೆ ಹಾಕಿರಲಿಲ್ಲ. ಒಳಗೆ ಹೋಗಿ ಕೇಳಿದರೆ "ಇಲ್ಲೇ ಇದ್ದನಲ್ಲಾ" ಅಂದರು. ಅವನು ಇಲ್ಲ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಆರು ವರ್ಷ ಆಯಿತು. ಈಗಲೂ ಒಮ್ಮೊಮ್ಮೆ ರಾತ್ರಿ ಎಚ್ಚರವಾದಾಗ ಆ ರಸ್ತೆ ಕಣ್ಣ ಮುಂದೆ ಬರುತ್ತದೆ.

ಅಂಗಳಕ್ಕೆ ಹೋಗುವಾಗ, ಒಳಗೆ ಬರುವಾಗ ಮಕ್ಕಳನ್ನು ಎಣಿಸುತ್ತಾರಾ ನೋಡಿ. ಗೇಟಿನ ಚಿಲಕ ಮಗುವಿನ ಕೈಗೆ ಎಟುಕುತ್ತದಾ ನೋಡಿ. ಮಗುವನ್ನು ಕರೆದುಕೊಂಡು ಹೋಗಲು ಬೇರೆಯವರು ಬಂದರೆ ಏನು ಮಾಡುತ್ತೀರಿ ಅಂತ ಕೇಳಿ. "ಮಗು ಗುರುತು ಹಿಡಿದರೆ ಕಳಿಸುತ್ತೇವೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ತಾರೆಯ ಅಮ್ಮ
@ಸಂಜೆಮಲ್ಲಿಗೆ ಅಕ್ಕಾ, ಓದಿ ಕೈ ನಡುಗಿತು. ಹಳೇ ಮನೆಯ ಗೇಟ್ ನನಗೆ ನೆನಪೇ ಇಲ್ಲ. ಮರ ನೋಡಿಕೊಂಡು ನಿಂತಿದ್ದೆ.

ಪುಟ್ಟನಪ್ಪ
ಅದಕ್ಕೇ ನಾನು ಹೇಳುವುದು, ಕ್ಯಾಮೆರಾ ಇರುವ ಕಡೆ ಸೇರಿಸಿ.

ಮಳೆಬಿಲ್ಲು
ಕ್ಯಾಮೆರಾ ಗೇಟ್ ಹಾಕುವುದಿಲ್ಲ ಸರ್.

ಪುಟ್ಟನಪ್ಪ
ಹಾಕುವುದಿಲ್ಲ. ಆದರೆ ಹಾಕದೇ ಇದ್ದವರು ಯಾರು ಅಂತ ತೋರಿಸುತ್ತದೆ. ನೋಡುತ್ತಿದ್ದಾರೆ ಅಂತ ಗೊತ್ತಿದ್ದರೆ ಹುಷಾರಾಗಿ ಇರುತ್ತಾರೆ.

ಇಬ್ಬರ ತಾಯಿ
ಗೇಟಿಗೆ, ಹೊರಗಿನ ಬಾಗಿಲಿಗೆ ಕ್ಯಾಮೆರಾ ಇರಲಿ, ಬೇಕು. ಕೋಣೆಯ ಚಿತ್ರ ಎಲ್ಲ ಪಾಲಕರ ಫೋನಿಗೂ ಬರುವುದು ನನಗೆ ಬೇಡ. ನನ್ನ ಮಗು ಬಟ್ಟೆ ಒದ್ದೆ ಮಾಡಿಕೊಂಡು ಅಳುವುದನ್ನು ಇನ್ನೂ 24 ಮನೆಯವರು ಯಾಕೆ ನೋಡಬೇಕು? ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಮೊದಲು ಕೇಳಿ. ಆಪ್‌ಗೆ ಫೋಟೊ ಹಾಕುವ ವಿಷಯವೂ ಹಾಗೇ. ಇಪ್ಪತ್ತು ಫೋಟೊ ತೆಗೆಯುವಷ್ಟು ಹೊತ್ತು ಟೀಚರಿನ ಕಣ್ಣು ಫೋನಿನ ಮೇಲೆ ಇತ್ತು ಅಂತ ತಾನೇ ಅರ್ಥ?

ಹಳೇ ಟೀಚರ್
ಕ್ಯಾಮೆರಾ ವಿಷಯ ಇಲ್ಲಿಗೆ ಸಾಕು, ಅದು ಮುಗಿಯುವ ಮಾತಲ್ಲ. ಎಷ್ಟು ಮಕ್ಕಳಿಗೆ ಒಬ್ಬರು ಅನ್ನುವುದನ್ನು ಯಾರೂ ಇನ್ನೂ ಹೇಳಲಿಲ್ಲ. ಅಮೆರಿಕದ ಎನ್‌ಎಇವೈಸಿ ಅನ್ನುವ ಚಿಕ್ಕ ಮಕ್ಕಳ ಶಿಕ್ಷಣದ ಸಂಸ್ಥೆ 4 ವರ್ಷದ ಮಕ್ಕಳಿಗೇ 10 ಮಕ್ಕಳಿಗೆ ಒಬ್ಬರು ಇರಬೇಕು, ಗುಂಪು 20 ಮೀರಬಾರದು ಅನ್ನುತ್ತದೆ. ಇಂಗ್ಲೆಂಡಿನಲ್ಲಿ 2 ವರ್ಷದ ಮಕ್ಕಳಿಗೆ 4ಕ್ಕೆ ಒಬ್ಬರು ಅಂತ ನಿಯಮ ಇತ್ತು. 2023ರಲ್ಲಿ 5ಕ್ಕೆ ಒಬ್ಬರು ಮಾಡಿದ್ದಕ್ಕೇ ದೊಡ್ಡ ಗಲಾಟೆ ಆಯಿತು. ತಾರೆಯ ಅಮ್ಮ ಹೇಳಿದ ದೊಡ್ಡ ಕಟ್ಟಡದಲ್ಲಿ 25 ಮಕ್ಕಳಿಗೆ ಇಬ್ಬರು. ಆಯಾ ಒಂದು ಮಗುವನ್ನು ಶೌಚಕ್ಕೆ ಕರೆದುಕೊಂಡು ಹೋದರೆ ಉಳಿದ 24 ಮಕ್ಕಳಿಗೆ ಒಬ್ಬರೇ. ಟೀಚರ್ ದೇವತೆಯೇ ಆಗಿದ್ದರೂ ಆಗಲ್ಲ.

ಪುಟ್ಟನಪ್ಪ
ಈ ಲೆಕ್ಕ ಒಪ್ಪುತ್ತೇನೆ. 25 ಜಾಸ್ತಿಯೇ.

ತಾರೆಯ ಅಮ್ಮ
ಇನ್ನೊಂದು ಚಿಂತೆ. ನನ್ನ ಮಗಳು ನನ್ನನ್ನು ಬಿಟ್ಟು ಇದ್ದದ್ದು ಅತ್ತೆಯ ಜೊತೆ ಮಾತ್ರ. ಅಳುತ್ತಾಳೆ ಅಂತ ಖಂಡಿತ ಗೊತ್ತು. ದೊಡ್ಡ ಕಟ್ಟಡದವರು "ಬಿಟ್ಟು ಹೋಗಿ, ಹಿಂತಿರುಗಿ ನೋಡಬೇಡಿ, ಒಂದು ವಾರದಲ್ಲಿ ಸರಿ ಹೋಗುತ್ತಾರೆ" ಅಂದರು. ಹಾಗೇ ಮಾಡಬೇಕಾ?

ಎರಡು ಜಡೆ
ನಮ್ಮಮ್ಮ ನನ್ನನ್ನು ಹಾಗೇ ಬಿಟ್ಟು ಬಂದದ್ದು. ನನಗೆ ಈಗಲೂ ಆ ಬಾಗಿಲು ನೆನಪಿದೆ.

ದೂರದ ಚಿಕ್ಕಮ್ಮ
ಜರ್ಮನಿಯಲ್ಲಿ ಇದ್ದಾಗ ನಮ್ಮ ಅಕ್ಕನ ಮಗನನ್ನು ಸೇರಿಸಿದ್ದು ಹೇಳುತ್ತೇನೆ. ಅಲ್ಲಿ ಬರ್ಲಿನ್ ಪದ್ಧತಿ ಅಂತ ಒಂದು ಇದೆ. ಮೊದಲ ಮೂರು ದಿನ ಅಮ್ಮನೋ ಅಪ್ಪನೋ ಮಗುವಿನ ಜೊತೆ ಕೋಣೆಯಲ್ಲೇ ಇರಬೇಕು. ದಿನಕ್ಕೆ ಸುಮಾರು ಒಂದು ಗಂಟೆ. ಆಡಿಸಬೇಕಿಲ್ಲ, ಸುಮ್ನೆ ಒಂದು ಮೂಲೆಯಲ್ಲಿ ಕೂತಿದ್ದರೆ ಸಾಕು. ಆ ಮೂರು ದಿನ ಬಿಟ್ಟು ಹೋಗುವ ಪ್ರಯತ್ನವನ್ನೇ ಮಾಡುವುದಿಲ್ಲ. ಅಷ್ಟರಲ್ಲಿ ಒಬ್ಬ ಟೀಚರ್, ದಿನವೂ ಅದೇ ಟೀಚರ್, ಮೆಲ್ಲಗೆ ಮಗುವಿನ ಆಟಕ್ಕೆ ಸೇರಿಕೊಳ್ಳುತ್ತಾರೆ.

ನಾಲ್ಕನೇ ದಿನ ಹೇಳಿ ಹೊರಗೆ ಹೋಗಬೇಕು, ಕೆಲವೇ ನಿಮಿಷ. ಮಗು ಅಳಬಹುದು. ಟೀಚರ್ ಎತ್ತಿಕೊಂಡಾಗ ಸಮಾಧಾನ ಆಯಿತಾ ಅನ್ನುವುದು ಮುಖ್ಯ. ಸಮಾಧಾನ ಆದರೆ ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸುತ್ತಾರೆ. ಆಗಲಿಲ್ಲ ಅಂದರೆ ಅಮ್ಮ ಕೂಡಲೇ ಒಳಗೆ ಬರಬೇಕು, ಇನ್ನೂ ಕೆಲವು ದಿನ ಜೊತೆಗೆ ಇರಬೇಕು. ನಮ್ಮ ಹುಡುಗನಿಗೆ ಎರಡೂವರೆ ವಾರ ಹಿಡಿಯಿತು. ಪಕ್ಕದ ಮನೆಯ ಮಗು ಆರೇ ದಿನಕ್ಕೆ ಟಾಟಾ ಹೇಳಿತು. ಇಲ್ಲಿ ಅವಸರ ಮಗುವಿನದಲ್ಲ, ನಮ್ಮದು.

ಕಾಮನಕಟ್ಟೆ
ಎರಡೂವರೆ ವಾರ ರಜೆ ಯಾರು ಕೊಡುತ್ತಾರೆ? ಕೆಲಸ ಮಾಡುವ ತಾಯಂದಿರಿಗೆ ಇನ್ನೂ ಒಂದು ತಪ್ಪಿತಸ್ಥ ಭಾವನೆ ಕಟ್ಟಬೇಡಿ. ನಾನು ಎರಡನೇ ದಿನವೇ ಬಿಟ್ಟು ಬಂದೆ. ನನ್ನ ಮಗಳು ಚೆನ್ನಾಗಿಯೇ ಇದ್ದಾಳೆ.

ದೂರದ ಚಿಕ್ಕಮ್ಮ
ಇಲ್ಲ ಇಲ್ಲ, ನಿಮ್ಮನ್ನು ನೋಯಿಸಲು ಹೇಳಿದ್ದಲ್ಲ. ಅಪ್ಪ ಹೋಗಬಹುದು, ಅಜ್ಜಿ ಹೋಗಬಹುದು, ದಿನಕ್ಕೊಂದು ಗಂಟೆ ಸಾಕು. ಜೊತೆಗೆ ಕೂರಲು ಶಾಲೆ ಬಿಡುತ್ತದಾ ಅಂತ ಕೇಳಿ ಅನ್ನುವುದಷ್ಟೇ ನನ್ನ ಮಾತು.

ಹಳೇ ಟೀಚರ್
@ತಾರೆಯ ಅಮ್ಮ, ಎಷ್ಟು ದಿನ ಆದರೂ ಸರಿ, ಒಂದು ಕೆಲಸ ಮಾತ್ರ ಮಾಡಬೇಡಿ. ಮಗು ಆಟಿಕೆ ನೋಡುತ್ತಿರುವಾಗ ಕಣ್ಣು ತಪ್ಪಿಸಿ ಹೋಗಬೇಡಿ. ಆ ದಿನ ಅಳು ತಪ್ಪುತ್ತದೆ. ಮಾರನೇ ದಿನದಿಂದ ಮಗು ಆಟವೇ ಆಡುವುದಿಲ್ಲ, ನಿಮ್ಮ ಸೆರಗು ಹಿಡಿದುಕೊಂಡೇ ಕೂರುತ್ತದೆ. ತಲೆ ತಿರುಗಿಸಿದರೆ ಅಮ್ಮ ಮಾಯ ಆಗುತ್ತಾಳೆ ಅಂತ ಅದು ಕಲಿತಿರುತ್ತದೆ. "ನಾನು ಹೋಗಿ ಬರುತ್ತೇನೆ, ಊಟ ಆದಮೇಲೆ ಬರುತ್ತೇನೆ" ಅಂತ ಹೇಳಿ ಹೋಗಿ. ಹೇಳಿದ ಹೊತ್ತಿಗೆ ಬನ್ನಿ. ಈ ವಯಸ್ಸಿಗೆ ಗಡಿಯಾರ ಗೊತ್ತಿಲ್ಲ, ಊಟ ಗೊತ್ತು.

ನಿಧಾನಿ
ಮನೆಮಾತಿನ ಬಗ್ಗೆ ಯಾರಾದರೂ ಹೇಳಿ. ನನ್ನ ಮಗಳು ಸೇರಿದ ಕಡೆ ಯಾರಿಗೂ ನಮ್ಮ ಮನೆಮಾತು ಬರುತ್ತಿರಲಿಲ್ಲ. ಮೂರು ತಿಂಗಳು ಒಂದು ಮಾತೂ ಆಡಲಿಲ್ಲ. "ಮನೆಯಲ್ಲೂ ಶಾಲೆಯ ಭಾಷೆಯನ್ನೇ ಮಾತಾಡಿ" ಅಂದರು. ನಾವು ಹಾಗೇ ಮಾಡಿದೆವು. ಅವಳು ಅಜ್ಜಿಯ ಜೊತೆ ಮಾತಾಡುವುದನ್ನೇ ಬಿಟ್ಟಳು. ಆ ನೋವು ಈಗಲೂ ಇದೆ.

ಮಳೆಬಿಲ್ಲು
ಹೊಸ ಭಾಷೆಯ ಮಧ್ಯೆ ಬಿದ್ದ ಮಗು ಕೆಲವು ವಾರ, ಕೆಲವು ತಿಂಗಳು ಸುಮ್ಮನಿರುವುದು ಸಹಜ. ಕೇಳಿಸಿಕೊಂಡು ಕೂಡಿಟ್ಟುಕೊಳ್ಳುತ್ತಿರುತ್ತದೆ. ಎರಡು ಭಾಷೆಯಿಂದ ಮಕ್ಕಳಿಗೆ ಗೊಂದಲ ಆಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಮನೆಮಾತು ಗಟ್ಟಿಯಾಗಿದ್ದರೆ ಎರಡನೆಯದು ಅದರ ಮೇಲೆ ನಿಲ್ಲುತ್ತದೆ. ಮನೆಯಲ್ಲಿ ಮನೆಮಾತೇ ಇರಲಿ. ಮಗು ಮನೆಯಲ್ಲೂ ಮಾತು ನಿಲ್ಲಿಸಿದರೆ ಮಾತ್ರ ತಡ ಮಾಡದೆ ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ. ಶಾಲೆಯಲ್ಲಿ ಕೇಳಬೇಕಾದದ್ದು: ನನ್ನ ಮಗು ತನ್ನ ಭಾಷೆಯಲ್ಲಿ "ನೀರು" ಅಂದರೆ, "ನೋವು" ಅಂದರೆ ಅರ್ಥ ಆಗುವವರು ಒಬ್ಬರಾದರೂ ಇದ್ದಾರಾ?

ಊರುಗೋಲು
ನಾನು ಅಜ್ಜ. ಒಂದು ಪ್ರಶ್ನೆ. ಮೂರು ವರ್ಷದ ಕೂಸಿಗೆ ಶಾಲೆ ಯಾಕಮ್ಮ? ನಾವೆಲ್ಲ ಆರು ವರ್ಷಕ್ಕೆ ಹೋದವರು.

ಕಾಮನಕಟ್ಟೆ
ಯಾಕಿಲ್ಲ ತಾತ? ಅಮೆರಿಕದಲ್ಲಿ ದೊಡ್ಡ ಅಧ್ಯಯನವೇ ಆಗಿದೆ. ಪೆರಿ ಪ್ರೀಸ್ಕೂಲ್ ಅಂತ. ಮಿಶಿಗನ್ನಿನ ಇಪ್ಸಿಲಾಂಟಿಯಲ್ಲಿ, 1962ರಿಂದ 1967ರವರೆಗೆ. 123 ಮಕ್ಕಳು. 58 ಮಕ್ಕಳಿಗೆ ಪ್ರೀಸ್ಕೂಲ್, ಉಳಿದವರಿಗೆ ಇಲ್ಲ. ಅವರು 40 ವರ್ಷದವರಾಗುವವರೆಗೂ ಹಿಂದೆ ಬಿದ್ದು ನೋಡಿದರು. ಪ್ರೀಸ್ಕೂಲಿಗೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು ಜಾಸ್ತಿ, ಸಂಪಾದನೆ ಜಾಸ್ತಿ, ಪೊಲೀಸ್ ಕೇಸು ಕಡಿಮೆ.

ಇಬ್ಬರ ತಾಯಿ
ಅದನ್ನು ಪೂರ್ತಿ ಹೇಳಿ. ಅವರೆಲ್ಲ ತುಂಬ ಬಡ ಮನೆಯ ಮಕ್ಕಳು. ಟೀಚರುಗಳು ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೆ ಹೋಗಿ ತಾಯಿಯ ಜೊತೆ ಕೂರುತ್ತಿದ್ದರು. ಐದಾರು ಮಕ್ಕಳಿಗೆ ಒಬ್ಬ ಟೀಚರ್. ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಬಂದ ಲಾಭ ಕೆಲವೇ ವರ್ಷದಲ್ಲಿ ಮಾಸಿಹೋಯಿತು. ಉಳಿದದ್ದು ಬೇರೆ ಗುಣಗಳು. ಅಂಥ ಜಾಗಕ್ಕೂ 25 ಮಕ್ಕಳ ಕೋಣೆಗೂ ಹೆಸರು ಒಂದೇ, ಕೆಲಸ ಒಂದೇ ಅಲ್ಲ.

ಊರುಗೋಲು
ಅಂದರೆ ಮನೆಯಲ್ಲಿ ಮಾತಾಡಿಸುವವರು, ಕಥೆ ಹೇಳುವವರು, ಆಡಲು ಜೊತೆ ಮಕ್ಕಳು ಇದ್ದರೆ ಕಳಿಸದಿದ್ದರೂ ನಷ್ಟ ಇಲ್ಲ ಅಂತಾಯಿತು.

ಇಬ್ಬರ ತಾಯಿ
ಹೌದು ತಾತ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಆ ಅತ್ತೆಯವರ ಮಂಡಿ ನೋವೂ ನಿಜ ಅಲ್ವಾ.

ಎರಡು ಜಡೆ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೆ 2 ವರ್ಷ 4 ತಿಂಗಳು. ಪ್ರೀಸ್ಕೂಲಿನಲ್ಲಿ ಬೇರೆ ಮಕ್ಕಳನ್ನು ಕಚ್ಚುತ್ತಿದ್ದಾನೆ. ಯಾರ ಜೊತೆಗೂ ಬೆರೆಯುವುದೂ ಇಲ್ಲ, ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಆಡುತ್ತಾನೆ. ಅವನನ್ನು ಬಿಡಿಸಿಬಿಡಿ ಅಂತ ಬೇರೆ ಪಾಲಕರು ಹೇಳುತ್ತಿದ್ದಾರೆ. ತುಂಬ ಅಳು ಬರುತ್ತಿದೆ.

ಹಳೇ ಟೀಚರ್
ಅಳಬೇಡಮ್ಮ. ಎರಡು ವರ್ಷದ ಮಕ್ಕಳು ಕಚ್ಚುತ್ತಾರೆ. ಮಾತು ಸಾಲದು, ಹಲ್ಲು ಮುಂದೆ ಬರುತ್ತದೆ. ಯಾವ ಹೊತ್ತಿಗೆ, ಯಾವುದಕ್ಕೆ ಕಚ್ಚಿದ ಅಂತ ನಾಲ್ಕು ದಿನ ಬರೆದಿಡಲು ಟೀಚರಿಗೆ ಹೇಳಿ. ಹೆಚ್ಚಾಗಿ ಹಸಿವಾದಾಗ, ನಿದ್ದೆ ಬಂದಾಗ, ಒಂದೇ ಆಟಿಕೆಗೆ ಇಬ್ಬರು ಕೈ ಹಾಕಿದಾಗ. ಅದು ಗೊತ್ತಾದರೆ ಅರ್ಧ ಕೆಲಸ ಆಯಿತು. ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಆಡುವುದು ಈ ವಯಸ್ಸಿನ ಆಟವೇ. ಮಿಲ್ಡ್ರೆಡ್ ಪಾರ್ಟೆನ್ ಅನ್ನುವ ಸಂಶೋಧಕಿ 1932ರಲ್ಲೇ ಇದನ್ನು ಮಕ್ಕಳ ಆಟದ ಒಂದು ಹಂತ ಅಂತ ಬರೆದಿದ್ದಾರೆ. ಸೇರಿ ಆಡುವುದು ಮೆಲ್ಲಗೆ ಬರುತ್ತದೆ.

ಎರಡು ಜಡೆ
ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲು ಆಗುತ್ತಿಲ್ಲ ಮೇಡಂ. ನಾಳೆಯೇ ಟೀಚರ್ ಜೊತೆ ಮಾತಾಡುತ್ತೇನೆ.

ಗುಬ್ಬಚ್ಚಿ
ನೆಗಡಿಗೆ ತಯಾರಾಗಿ ಅಂತ ಯಾರೂ ಹೇಳಲಿಲ್ಲ. ಮೊದಲ ವರ್ಷ ನಮ್ಮ ಮನೆಯಲ್ಲಿ ತಿಂಗಳಿಗೊಂದು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ಬರುವುದು ಸಾಮಾನ್ಯ ಅಂತ ಡಾಕ್ಟರ್ ಹೇಳಿದರು. ಅದಕ್ಕೇ ನಾನು ಬಚ್ಚಲುಮನೆ ನೋಡಿ ಅಂದದ್ದು. ಮಗುವಿನ ಎತ್ತರಕ್ಕೆ ನಲ್ಲಿ ಇದೆಯಾ, ಸೋಪು ಇದೆಯಾ, ಊಟಕ್ಕೆ ಮುಂಚೆ ನಿಜವಾಗಿ ತೊಳೆಸುತ್ತಾರಾ? ಜ್ವರ ಬಂದ ಮಗುವನ್ನು ಮನೆಗೆ ಕಳಿಸುವ ನಿಯಮ ಇದೆಯಾ? ಇನ್ನೊಂದು, ಬಟ್ಟೆ ಒದ್ದೆ ಮಾಡಿಕೊಂಡ ಮಗುವಿಗೆ ಎಲ್ಲರ ಎದುರು ಬೈಯುತ್ತಾರಾ? ಮೂರು ವರ್ಷಕ್ಕೆ ಹಗಲಿನ ಶೌಚದ ಅಭ್ಯಾಸ ಪೂರ್ತಿ ಆಗದ ಮಕ್ಕಳು ಎಷ್ಟೋ ಇದ್ದಾರೆ.

ತಾರೆಯ ಅಮ್ಮ
ಒಂಬತ್ತು ದಿನ ಆಯಿತು, ಎಲ್ಲರೂ ಹೇಳಿದ್ದನ್ನು ಬರೆದುಕೊಂಡು ಎರಡು ಕಡೆಯೂ ಮತ್ತೆ ಹೋಗಿ ಬಂದೆವು. ಈ ಸಲ ಯಜಮಾನರನ್ನೂ ಕರೆದುಕೊಂಡು ಹೋದೆ.

ದೊಡ್ಡ ಕಟ್ಟಡದವರು ಕೋಣೆಯೊಳಗೆ ಕೂರಲು ಬಿಡಲಿಲ್ಲ. ಕಚೇರಿಯಲ್ಲಿ ಕೂರಿಸಿ ಕ್ಯಾಮೆರಾದಲ್ಲಿ ತೋರಿಸಿದರು. ಶಬ್ದ ಇಲ್ಲ, ಚಿತ್ರ ಮಾತ್ರ. ದೊಡ್ಡ ಪರದೆಯಲ್ಲಿ ಏನೋ ಹಾಡು ಓಡುತ್ತಿತ್ತು. ಮಕ್ಕಳು ಸಾಲಾಗಿ ಕೂತಿದ್ದರು. ನಾವು ನೋಡಿದ 40 ನಿಮಿಷವೂ ಪರದೆ ಆರಲಿಲ್ಲ. ಒಂದು ಮಗು ಹಿಂದಿನ ಸಾಲಿನಲ್ಲಿ ಕಣ್ಣು ಉಜ್ಜಿಕೊಂಡು ಅಳುತ್ತಿತ್ತು. ಯಾರೂ ಬರಲಿಲ್ಲ. ಟೀಚರ್ ಮುಂದೆ ಇನ್ನೊಂದು ಮಗುವಿನ ಶೂ ಕಟ್ಟುತ್ತಿದ್ದರು, ಆಯಾ ಕಾಣಲಿಲ್ಲ. ಟೀಚರನ್ನು ನಾನು ಬೈಯಲಾರೆ, ಅವರಿಗೆ ಎರಡೇ ಕೈ. ಯಜಮಾನರು ಏನೂ ಮಾತಾಡದೆ ಆ ಮಗುವನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ "ಆ ಮಗು ಕೊನೆಗೆ ಸುಮ್ಮನಾಯಿತು ನೋಡಿದೆಯಾ, ಯಾರೂ ಬರಲ್ಲ ಅಂತ ಗೊತ್ತಾಗಿ ಸುಮ್ಮನಾಯಿತು" ಅಂದರು.

ಹಳೇ ಮನೆಯಲ್ಲಿ ಒಂದೂವರೆ ಗಂಟೆ ಕೂತೆವು. ಒಬ್ಬ ಹುಡುಗ ಬಿದ್ದು ಮಂಡಿ ತರಚಿಕೊಂಡ. ಚಿಕ್ಕ ಟೀಚರ್ ಓಡಿ ಬಂದು ಮಣ್ಣಿನಲ್ಲೇ ಕೂತರು. "ಎಲ್ಲಿ ನೋವು, ತೋರಿಸು" ಅಂದರು. ಅವನು ಇನ್ನೊಂದು ಕಾಲು ತೋರಿಸಿದ. ಆ ಕಾಲನ್ನೂ ಊದಿದರು. ನನ್ನ ಮಗಳು ನನ್ನ ತೊಡೆ ಬಿಟ್ಟು ಇಳಿಯಲಿಲ್ಲ, ಆದರೆ ಕಣ್ಣು ಎಲ್ಲಾ ಅಲ್ಲೇ.

ಗೇಟ್ ನೋಡಿದೆ. ಚಿಲಕ ಕೆಳಗೇ ಇದೆ, ಮಗುವಿಗೆ ಎಟುಕುತ್ತದೆ. ಬಚ್ಚಲುಮನೆಯ ನೆಲ ಒದ್ದೆ, ಜಾರುತ್ತದೆ. ಮರಳಿನ ಗುಂಡಿಗೆ ಮುಚ್ಚಳ ಇಲ್ಲ. ಎರಡು ವರ್ಷದವರು ಆಡುವ ಬುಟ್ಟಿಯಲ್ಲಿ ಸಣ್ಣ ಮಣಿಗಳು ಇದ್ದವು. ಟೀಚರುಗಳು ಇಬ್ಬರೂ ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿದೆ. ದೊಡ್ಡವರು 11 ವರ್ಷ, ಚಿಕ್ಕವರು 4.

ಮನಸ್ಸು ಅಲ್ಲೇ ಇದೆ. ಆದರೆ ಆ ಗೇಟ್ ಬಿಡುತ್ತಿಲ್ಲ. ಹೇಳಿದರೆ ಬೇಜಾರು ಮಾಡಿಕೊಂಡು ಮಗುವಿನ ಮೇಲೆ ತೋರಿಸಿಬಿಟ್ಟರೆ?

ಸಂಜೆಮಲ್ಲಿಗೆ
ಹೇಳಿ. ಇವತ್ತೇ ಹೇಳಿ. ಚಿಲಕ ಮೇಲಕ್ಕೆ ಹಾಕಿಸುವುದು ಅರ್ಧ ದಿನದ ಕೆಲಸ. ಹೇಳಿದ ಮೇಲೆ ಅವರ ಮುಖ ಹೇಗಾಗುತ್ತದೆ ನೋಡಿ. ನಾಳೆ ನಿಮ್ಮ ಮಗುವಿಗೆ ಏನಾದರೂ ಆದಾಗ ಅವರು ಮಾತಾಡುವುದು ಅದೇ ಮುಖದಲ್ಲಿ.

ಮಳೆಬಿಲ್ಲು
ಮಣಿಗಳನ್ನು ಮೊದಲು ತೆಗೆಸಿ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆ ಇದೆಯಲ್ಲ, ಅದರೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದ ಒಳಗಿನ ಮಕ್ಕಳ ಕೈಗೆ ಸಿಗಬಾರದು. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉಸಿರುಕಟ್ಟಿದರೆ ಏನು ಮಾಡಬೇಕು ಅಂತ ಇಬ್ಬರಲ್ಲಿ ಒಬ್ಬರಾದರೂ ಪ್ರಥಮ ಚಿಕಿತ್ಸೆ ಕಲಿತಿದ್ದಾರಾ, ಅದನ್ನೂ ಕೇಳಿ.

ಪರದೆಯ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, 3-4 ವರ್ಷದ ಮಕ್ಕಳು ಇಡೀ ದಿನದಲ್ಲಿ ಕೂತು ಪರದೆ ನೋಡುವುದು 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಓಡಾಟ, ಆಟ ದಿನಕ್ಕೆ 180 ನಿಮಿಷ ಇರಬೇಕು. ನೀವು ನೋಡಿದ 40 ನಿಮಿಷದಲ್ಲೇ ಆ ಒಂದು ಗಂಟೆಯ ಮೂರರಲ್ಲಿ ಎರಡು ಭಾಗ ಮುಗಿದುಹೋಯಿತು.

ಪುಟ್ಟನಪ್ಪ
ನಿಮ್ಮ ಯಜಮಾನರು ಹೇಳಿದ ಮಾತು ಓದಿ ನಾನೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕಲಿಕೆ ಬೇಕು ಅನ್ನುವುದನ್ನು ನಾನು ಈಗಲೂ ಬಿಡುವುದಿಲ್ಲ. ಆ ಹಳೇ ಮನೆಯಲ್ಲಿ ದಿನಕ್ಕೆ ಎಷ್ಟು ಕಥೆ ಹೇಳುತ್ತಾರೆ, ಪುಸ್ತಕ ಎಷ್ಟಿವೆ, ಮಕ್ಕಳ ಕೈಗೆ ಕೊಡುತ್ತಾರಾ ಅಂತ ನೋಡಿ ಬನ್ನಿ. ನನಗಾಗಿ.

ತಾರೆಯ ಅಮ್ಮ
@ಪುಟ್ಟನಪ್ಪ ಸರ್, ಇವತ್ತು ನೋಡಿದೆ. ಒಂದು ಕಪಾಟು ಪುಸ್ತಕ, ನೆಲದಿಂದ ಎರಡು ಅಡಿ ಎತ್ತರದಲ್ಲಿ. ಎಷ್ಟೋ ಪುಸ್ತಕದ ಹಾಳೆ ಹರಿದು ಟೇಪ್ ಹಚ್ಚಿದ್ದಾರೆ. ಬೆಳಿಗ್ಗೆ ಒಂದು ಕಥೆ, ಮನೆಗೆ ಹೋಗುವ ಮುಂಚೆ ಒಂದು. ಅದೇ ಕಥೆಯನ್ನು ವಾರವಿಡೀ ಹೇಳುತ್ತಾರಂತೆ, ಮಕ್ಕಳೇ ಕೇಳುತ್ತಾರಂತೆ.

ಗೇಟಿನ ವಿಷಯ ಹೇಳಿದೆ. ದೊಡ್ಡ ಟೀಚರ್ ಎದ್ದು ಹೋಗಿ, ಬಗ್ಗಿ, ಮಗುವಿನ ಎತ್ತರಕ್ಕೆ ಕೂತು ಕೈ ಚಾಚಿ ನೋಡಿದರು. "ಇಷ್ಟು ವರ್ಷ ನನಗೆ ಕಾಣಲೇ ಇಲ್ಲವಲ್ಲಮ್ಮ" ಅಂದರು. ನಾನು ಅಲ್ಲಿರುವಾಗಲೇ ಫೋನ್ ಮಾಡಿ ಕೆಲಸದವರನ್ನು ಕರೆದರು. ಮಣಿಗಳನ್ನು ಚಿಕ್ಕ ಟೀಚರ್ ಅಲ್ಲೇ ಎತ್ತಿ ಮೇಲಿಟ್ಟರು. ಪ್ರಥಮ ಚಿಕಿತ್ಸೆ ದೊಡ್ಡವರಿಗೆ ಗೊತ್ತು, ಚಿಕ್ಕವರು ಈ ತಿಂಗಳು ಕಲಿಯುತ್ತಾರಂತೆ.

ಮೊದಲ ವಾರ ದಿನಕ್ಕೊಂದು ಗಂಟೆ ಅತ್ತೆ ಜೊತೆಗೆ ಕೂರಬಹುದು ಅಂದರು. ಬೆನ್ನು ಇರುವ ಕುರ್ಚಿ ಹಾಕಿಕೊಡುತ್ತಾರಂತೆ. ಸೋಮವಾರದಿಂದ ಶುರು.

ಊರುಗೋಲು
ಅತ್ತೆಯವರಿಗೆ ಹೇಳಮ್ಮ, ಆ ಒಂದು ಗಂಟೆಯಲ್ಲಿ ಅವರೂ ಒಂದು ಕಥೆ ಹೇಳಲಿ.

ಎರಡು ಜಡೆ
ನಮ್ಮ ಟೀಚರ್ ಬರೆದಿಟ್ಟರು. ನಾಲ್ಕು ಸಲ ಕಚ್ಚಿದ್ದಾನೆ, ನಾಲ್ಕೂ ಸಲ ಊಟಕ್ಕೆ ಹತ್ತು ನಿಮಿಷ ಮುಂಚೆ! ನಾಳೆಯಿಂದ ಅವನಿಗೆ ಮೊದಲು ತಿನ್ನಿಸುತ್ತಾರಂತೆ.

ತಾರೆಯ ಅಮ್ಮ
ಅಯ್ಯೋ, ಎಷ್ಟು ಒಳ್ಳೆಯ ಸುದ್ದಿ. ನಮ್ಮದು ಇವತ್ತು ಎರಡನೇ ದಿನ. ಮರಳಿನ ಗುಂಡಿಯವರೆಗೆ ಹೋಗಿ ಅಜ್ಜಿ ಇದ್ದಾರಾ ಅಂತ ತಿರುಗಿ ನೋಡಿ, ಮತ್ತೆ ಹೋಗಿದ್ದಾಳೆ. ಅತ್ತೆ ಎಣಿಸಿದರಂತೆ, ಹದಿನೇಳು ಸಲ.